ಹನ್ನೊಂದು ಸಾಲು

ಐವತ್ತಮೂರನ್ನು ಏಳರಿಂದ ಭಾಗಿಸಿದರೆ ಆರು, ಶೇಷ ಹನ್ನೊಂದು. ಅನುಸೂಯಾ ನಾಲ್ಕನೇ ಸಲ ತಾಳೆ ನೋಡಿದಳು. ಆರೇಳಲೆ ನಲವತ್ತೆರಡು, ಅದಕ್ಕೆ ಹನ್ನೊಂದು ಕೂಡಿದರೆ ಐವತ್ತಮೂರು. ಆದರೂ ಸಂಜೆ ಶಾಲೆಯ ಮನಿಷಾ ಅಕ್ಕೋರು ಕೆಂಪು ಗೆರೆ ಎಳೆದಿದ್ದರು.

"ಕೂಡಿದರ ಸರಿ ಬರತೈತಲ್ರಿ ಅಕ್ಕೋರ, ಮತ್ತ ತಪ್ಪ ಹೆಂಗ?"

"ಶೇಷ ಭಾಜಕಕ್ಕಿಂತ ಕಡಿಮಿ ಇರಬೇಕ್ರಿ ಅನುಸೂಯಕ್ಕ."

ಆ ಮಾತನ್ನು ಅವಳು ಬಾಯಿಪಾಠ ಮಾಡಿದ್ದಳು. ಯಾಕೆ ಕಡಿಮೆ ಇರಬೇಕು ಎಂಬುದು ಮಾತ್ರ ತಲೆಗಿಳಿಯಲೊಲ್ಲದು. ಇನ್ನೊಮ್ಮೆ ಕೇಳಲು ನಾಚಿಕೆ.

ಅದು ಬರೀ ಪುಸ್ತಕದ ಲೆಕ್ಕವಾಗಿರಲಿಲ್ಲ. ಕಾಗವಾಡದ ಹತ್ತಿರ ಶ್ರೀಪಾಲಣ್ಣನ ದ್ರಾಕ್ಷಿ ತೋಟದಲ್ಲಿ ಐವತ್ತಮೂರು ಸಾಲು. ಗೊಂಚಲಿನಲ್ಲಿ ಒತ್ತಾಗಿ ಬೆಳೆದ ಕಾಯಿ ಕತ್ತರಿಸುವ ಟೋಳಿಯಲ್ಲಿ ಅವಳೂ ಸೇರಿ ಏಳು ಹೆಂಗಸರು, ಅವಳೇ ಕೆಲಸ ಹಂಚುವ ಮುಕಾದಮಳು. ಹಿಂದಿನ ತೋಟದಲ್ಲಿ ಉಳಿದ ಸಾಲುಗಳನ್ನೆಲ್ಲ ತಾನೇ ಮೈಮೇಲೆ ಹಾಕಿಕೊಂಡು ಎರಡು ದಿನ ತಡಮಾಡಿದ್ದಳು. ಈ ಸಲವೂ ಹಂಚಿಕೆ ಕೆಟ್ಟರೆ ಮುಕಾದಮಕಿ ಅದೇ ಟೋಳಿಯ ತಾರವ್ವನ ಪಾಲು.

ಬೆಳಿಗ್ಗೆ ತೋಟದ ಬದುವಿನಲ್ಲಿ ನಿಂತು ಲೆಕ್ಕದ ವಹಿ ಬಿಚ್ಚಿದಳು. "ಒಬ್ಬೊಬ್ಬರಿಗೆ ಆರ ಸಾಲ. ಉಳಿದ ಹನ್ನೊಂದ ನನಗ."

"ಒಟ್ಟ ಹದಿನೇಳ ನಿನಗ?" ತಾರವ್ವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ ನಕ್ಕಳು. "ಸಂಜಿ ಸಾಲಿಗೆ ಹೋಗಿ ಇದನ್ನ ಕಲತ ಬಂದೇನಬೇ?"

"ಲೆಕ್ಕ ಹಂಗ ಬರತೈತಿ."

"ಸುಡು ನಿನ್ನ ಲೆಕ್ಕ! ಮಂದಿ ಏಳ, ಸಾಲ ಹನ್ನೊಂದ ಬಿದ್ದಾವ. ಇನ್ನೊಂದೊಂದ ಕೊಡಾಕ ನಿನ್ನ ಕೈ ಯಾರ ಹಿಡಿದಾರ?"

ಅನುಸೂಯಾ ಬೆರಳು ಮಡಚಿ ಎಣಿಸಿದಳು. ಎಲ್ಲರಿಗೂ ಇನ್ನೊಂದೊಂದು ಕೊಟ್ಟರೆ ತಲಾ ಏಳು, ಉಳಿಯುವುದು ನಾಲ್ಕು. ಅದನ್ನು ಏಳು ಮಂದಿಗೆ ಮತ್ತೆ ಒಂದೊಂದು ಕೊಡಲು ಬಾರದು. ಇಷ್ಟೇ? ಇಷ್ಟಕ್ಕೆ ಹದಿನೈದು ದಿನ ತಲೆ ಚಚ್ಚಿಕೊಂಡೆನೇ? ಅಕ್ಕೋರ ಮೇಲೆ, ತನ್ನ ಮೇಲೆ, ಹಲ್ಲು ಕಿಸಿಯುತ್ತಿದ್ದ ತಾರವ್ವನ ಮೇಲೆ ಒಟ್ಟಿಗೇ ಸಿಟ್ಟು ಬಂತು.

"ಏಳೇಳ ತಗೋರಿ. ನಾಕ ಉಳಿತಾವ."

"ಅವನ್ನ ಯಾರ ಮಾಡೂದು?" ತಾರವ್ವ ಬಿಡಲಿಲ್ಲ.

ವಹಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. 'ನಾನ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದಳು.

"ಇಲ್ಲಿ ನಾಕ ಮಂದಿ ಒಂದೊಂದ ಮಾಡ್ರಿ. ಮುಂದಿನ ತೋಟದಾಗ ಉಳಿದದ್ದು ಬಾಕಿ ಮೂರ ಮಂದಿಯಿಂದ ಶುರು. ಇವತ್ತಿನ ನಾಕ ಮಂದ್ಯಾಗ ನಾನೂ ಅದೇನಿ, ನೀನೂ ಅದಿ."

"ನಾ ಯಾಕ?"

"ಬಾಯಿ ದೊಡ್ಡದೈತಿ ಅಂತ."

ಉಳಿದವರು ಗೊಳ್ಳೆಂದರು. ತಾರವ್ವ ಗೊಣಗುತ್ತಲೇ ತನ್ನ ಸಾಲಿಗೆ ಇಳಿದಳು.

ಅನುಸೂಯಾ ಪೆನ್ನು ತೆಗೆದು ಆ ಹನ್ನೊಂದನ್ನು ಹೊಡೆದು ಹಾಕಿದಳು. ಕೈಯಲ್ಲಿನ ಸಿಟ್ಟು ಇಳಿದಿರಲಿಲ್ಲ, ಹಾಳೆಯೇ ಹರಿಯಿತು.