ನೊರೆ ಇಳಿದ ಮೇಲೆ

ಊಟ ಮುಗಿಸಿ ಬಂದವಳಿಗೆ ಮೊದಲು ಕಂಡದ್ದು ತೊಟ್ಟಿಯ ಮೇಲೆ ನೊರೆಯೇ ಇಲ್ಲದಿರುವುದು. ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ತೊಳೆದ ನೀರೆಲ್ಲ ಈ ತೊಟ್ಟಿಗೆ ಬರುತ್ತಿತ್ತು. ಎಣ್ಣೆ ಬೆರೆತು ಹಾಲಿನಂತೆ ಬೆಳ್ಳಗೆ, ಮೇಲೆ ಮೊಣಕಾಲುದ್ದ ನೊರೆ. ಆ ನೀರನ್ನು ಸೋಸುವ ಮೆಂಬ್ರೇನ್ ಕೊಳವೆಗಳಲ್ಲಿ ಹಾಯಿಸಿ, ಎಣ್ಣೆಯನ್ನು ಒಳಗೇ ತಡೆದು, ತಿಳಿನೀರನ್ನಷ್ಟೇ ಹೊರಗಿನ ಕಾಲುವೆಗೆ ಬಿಡುವುದು ಅವಳ ಕೆಲಸ.

"ಹೇಗೆ ಅತ್ತಿಗೆ? ನೊರೆ ಹೇಳಹೆಸರಿಲ್ಲದ ಹಾಗೆ ಮಾಡಿಬಿಟ್ಟೆ!" ತೊಳೆಯುವ ವಿಭಾಗದಲ್ಲಿ ಕೆಲಸ ಮಾಡುವ ಅವಳ ಮೈದುನ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. ಅವನು ಕರೆಯುವುದನ್ನು ಕೇಳಿ ಕೇಳಿ ಕಾರ್ಖಾನೆಗೆ ಕಾರ್ಖಾನೆಯೇ ಅವಳನ್ನು ಅತ್ತಿಗೆ ಎನ್ನುತ್ತಿತ್ತು.

"ಏನು ಹಾಕ್ದೆ?"

"ಬಣ್ಣದ ವಿಭಾಗದಲ್ಲಿ ನೊರೆ ಕೊಲ್ಲೋ ಔಷಧಿ ಇತ್ತು. ಇಲ್ಲಿ ಉಕ್ಕಿ ನೆಲಕ್ಕೆಲ್ಲ ಚೆಲ್ತಿತ್ತು. ಪಾಪ, ನೀವು ಬಂದು ಒರೆಸ್ಬೇಕಲ್ಲ ಅಂತ ಒಂದು ಡಬ್ಬ ಸುರಿದೆ."

ಅದು ಸಿಲಿಕೋನ್ ಬೆರೆಸಿದ ಔಷಧಿ. ಬಣ್ಣದ ವಿಭಾಗದ ನೀರು ಬೇರೆ ದಾರಿಯಲ್ಲಿ ಹೋಗುತ್ತಿದ್ದುದರಿಂದ ಅಲ್ಲಿ ತೊಂದರೆಯಿರಲಿಲ್ಲ. ಇಲ್ಲಿ ಅದು ಮೆಂಬ್ರೇನಿನ ಕಣ್ಣಿಗೆ ಕಾಣದ ರಂಧ್ರಗಳಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಬೆರಳ ಗಾತ್ರ ಬೀಳುತ್ತಿದ್ದ ತಿಳಿನೀರು ಆಗಲೇ ದಾರದಷ್ಟಾಗಿತ್ತು. ಓಡಿಹೋಗಿ ಪಂಪ್ ನಿಲ್ಲಿಸಿದಳು.

ಸದ್ದು ನಿಂತದ್ದೇ ಸೂಪರ್‌ವೈಸರ್ ಧಾವಿಸಿ ಬಂದ. "ಯಾಕೆ ನಿಲ್ಸಿದ್ರಿ ಅತ್ತಿಗೆ? ತೊಟ್ಟಿ ತುಂಬ್ತಾ ಇದೆ!"

"ಮೆಂಬ್ರೇನ್ ಕಟ್ಕೊಂಡಿದೆ, ತೊಳೀಬೇಕು. ಅಲ್ಲೀವರೆಗೂ ಆ ಕಡೆ ತೊಳೆಯೋ ಮೆಷಿನ್ ನಿಲ್ಲಿಸಿ."

"ಎಣ್ಣೆ ತಾನೇ? ಪ್ರೆಷರ್ ಏರಿಸಿದ್ರೆ ಬಿಟ್ಕೊಳ್ಳುತ್ತೆ. ಮೆಷಿನ್ ನಿಲ್ಲಿಸೋಕೆ ಒಂದು ಕಾರಣ ಬೇಡ್ವಾ?"

ಕಾರಣ ಅವಳ ನಾಲಿಗೆಯ ತುದಿಯಲ್ಲಿತ್ತು. ಮೈದುನ ಬಾಗಿಲಲ್ಲೇ ನಿಂತು ಅವಳನ್ನೇ ನೋಡುತ್ತಿದ್ದ. ಇನ್ನೊಂದು ತಪ್ಪಾದರೆ ಮನೆಗೆ ಕಳಿಸುತ್ತೇವೆಂದು ಅವನಿಗೆ ಮೊನ್ನೆಯಷ್ಟೇ ಎಚ್ಚರಿಸಿದ್ದರು. ಗಂಡ ತೀರಿಕೊಂಡಾಗ, ಅವಳಿಗೆ ಈ ಕೆಲಸ ಕೊಡಿಸಲು ಯಾರ್‍ಯಾರ ಕಾಲು ಹಿಡಿದಿದ್ದನೋ ಅವನು. ತೊಟ್ಟಿಯ ಬಿಳಿ ನೀರು ಅಂಚಿನತ್ತ ಏರುತ್ತಿತ್ತು. ಭಗವಂತಾ, ಇವನನ್ನೂ ಈ ಮೆಂಬ್ರೇನನ್ನೂ ಎರಡನ್ನೂ ಉಳಿಸುವ ಮಾತೊಂದನ್ನು ಕೊಡು ಎಂದು ಬೇಡಿಕೊಂಡಳು. ಅಂಥ ಮಾತು ಬರಲಿಲ್ಲ. ಸೂಪರ್‌ವೈಸರನ ಕೈ ಪಂಪಿನ ಗುಂಡಿಗೆ ಹೋಯಿತು.

"ಮುಟ್ಬೇಡಿ! ಬರೀ ಎಣ್ಣೆ ಅಲ್ಲ ಅದು. ನೊರೆ ಔಷಧಿ ಬಿದ್ದಿದೆ. ಇವನೇ ಹಾಕಿದ್ದು, ನನಗೆ ಸಹಾಯ ಆಗ್ಲಿ ಅಂತ. ಈಗ ಪ್ರೆಷರ್ ಕೊಟ್ರೆ ಒಳಗೆ ಹೊಕ್ಕು ಕೂತ್ಬಿಡುತ್ತೆ, ಆಮೇಲೆ ಏನು ತೊಳೆದ್ರೂ ಬರಲ್ಲ."

ಸೂಪರ್‌ವೈಸರ್ ಮೈದುನನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನ ಪುಣ್ಯ, ಈಗ ಬೈಯೋಕೂ ಪುರುಸೊತ್ತಿಲ್ಲ. ಹೋಗಿ ಮೆಷಿನ್ ನಿಲ್ಸು. ನಿನ್ನ ವಿಚಾರ ಆಮೇಲೆ."

ಮೆಷಿನ್ ನಿಲ್ಲಿಸಿ ಬಂದ ಮೈದುನ ಬಿಸಿನೀರು ಹೊತ್ತು ತರತೊಡಗಿದ. ಕೈ ತಾಳುವಷ್ಟೇ ಬಿಸಿ. ಹೆಚ್ಚಾದರೆ ಕೊಳವೆಗಳೇ ಕೆಡುತ್ತವೆ. ಅವಳು ಅದರಲ್ಲಿ ತೊಳೆಯುವ ಕ್ಷಾರದ ಪುಡಿ ಕದಡಿ ಕೊಳವೆಗಳಲ್ಲಿ ಮೆಲ್ಲಗೆ ಸುತ್ತಿಸಿದಳು, ಬಂದ ಕೊಳಕನ್ನು ಪೀಪಾಯಿಗೆ ತುಂಬಿದಳು, ಮತ್ತೆ ಸುತ್ತಿಸಿದಳು. ಕೊನೆಗೆ ಪಂಪ್ ಹಾಕಿದಳು. ದಾರದಂಥ ನೀರು ಕಡ್ಡಿಯಷ್ಟಾಯಿತು, ಪೆನ್ಸಿಲಿನಷ್ಟಾಯಿತು. ಬೆರಳಿನಷ್ಟು ಮಾತ್ರ ಆಗಲಿಲ್ಲ.

"ಉಳೀತಾ?" ಅವನು ಮುಖ ನೋಡದೆ ಕೇಳಿದ.

"ಅರ್ಧ."

"ಮತ್ತೆ ನಾನು?"

"ಅದು ನನಗೆ ಗೊತ್ತಿಲ್ಲ ಕಣೋ."

ಅವನು ಖಾಲಿ ಬಕೆಟ್ ಎತ್ತಿಕೊಂಡು, "ಇನ್ನೊಂದ್ಸಲ ತೊಳೆದು ನೋಡೋಣ ಅತ್ತಿಗೆ" ಎಂದು ಬಿಸಿನೀರಿಗೆ ಹೋದ.