ಅತ್ತೆ ಕಾಯ್ದ ಶೆಡ್ಡು

ಗುಡೇಮಾರನಹಳ್ಳಿಯ ಹೇಮಶ್ರೀ ಗೆಳತಿ ಯಾಸ್ಮಿನ್‌ಳ ಕೋಳಿ ಶೆಡ್ಡಿಗೆ ಹೋದದ್ದು ಮುಯ್ಯಾಳಾಗಿ. ಮೊನ್ನೆ ಯಾಸ್ಮಿನ್ ಬಂದು ಇವಳ ಎರಡು ಸಾವಿರ ಮರಿಗಳ ಕಣ್ಣಿಗೆ ಲಸಿಕೆಯ ಹನಿ ಹಾಕಲು ಕೈಜೋಡಿಸಿದ್ದಳು. ಇಂದು ಇವಳ ಸರದಿ. ಮಧ್ಯಾಹ್ನದವರೆಗೆ ಒಂದೊಂದೇ ಮರಿ ಹಿಡಿದು ಹನಿ ಬಿಟ್ಟು, ಊರಿಗೆ ಬಂದು, ತನ್ನ ಶೆಡ್ಡಿನತ್ತ ಹೊರಟಾಗ ಯಾಸ್ಮಿನ್‌ಳ ಫೋನು ಬಂತು.

"ಹೇಮಕ್ಕಾ, ನಿಮ್ ಶೆಡ್ ಒಳಕ್ಕೆ ಹೋಗ್ಬುಟ್ರಾ?"

"ಇಲ್ಲ ಕಣೆ, ಹೊಂಟಿದ್ದೆ. ಯಾಕೆ?"

"ಹೋಗ್ಬ್ಯಾಡಿ! ನಮ್ ಶೆಡ್ ಹಿಂದ್ಗಡೆ ಮೂಲೇಲಿ ಏಳೆಂಟು ಮರಿ ಕತ್ತು ತಿರುಚ್ಕೊಂಡು ಬಿದ್ದವೆ. ಡಾಕ್ಟ್ರು ನೋಡಿ ರಾಣಿಖೇತ್ ಅಂದ್ರು, ಅಂಟುರೋಗ."

ರೋಗವೆಂದು ಬಾಯಿಬಿಟ್ಟರೆ ವ್ಯಾಪಾರಿಗಳು ಆ ಕಡೆ ತಲೆಹಾಕುವುದಿಲ್ಲ. ಅದು ಗೊತ್ತಿದ್ದೂ ಯಾಸ್ಮಿನ್ ಮೊದಲು ಫೋನು ಮಾಡಿದ್ದು ತನಗೆ. ಹೇಮಶ್ರೀ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಮೊನ್ನೆಯ ಲಸಿಕೆ ಮೈಗೂಡಲು ಇನ್ನೂ ಹದಿನೈದು ದಿನ ಬೇಕು. ಸೀರೆ, ಕೂದಲು, ಉಗುರಿನ ಸಂದಿ, ಎಲ್ಲಿ ಬೇಕಾದರೂ ವೈರಾಣು ಅಂಟಿರಬಹುದು. ಒಳಗೆ ಮರಿಗಳು ನೀರಿಗಾಗಿ ಕೂಗುತ್ತಿದ್ದವು. ಗಂಡ ಲಾರಿಯೊಂದಿಗೆ ಹುಬ್ಬಳ್ಳಿಯಲ್ಲಿದ್ದ.

ಫೋನಿನ ಮಾತು ಕೇಳಿಸಿಕೊಂಡು ಮನೆಯ ಜಗಲಿಯಿಂದ ಅತ್ತೆ ನಾಗಲಕ್ಷ್ಮಮ್ಮ ಎದ್ದರು. ಕೋಳಿ, ಮೊಟ್ಟೆ ಮುಟ್ಟದವರು. ಶೆಡ್ಡಿನ ಕಡೆಯ ಗಾಳಿ ಬೀಸಿದರೆ ಮೂಗಿಗೆ ಸೆರಗು ಹಿಡಿಯುವವರು.

"ಅಲ್ಲೇ ನಿಂತ್ಕೊ. ಮೂವತ್ತು ವರ್ಸ ರೇಷ್ಮೆ ಹುಳ ಸಾಕಿವ್ನಿ. ಹಾಲುತೊಂಡೆ ರೋಗ ಬಂದ ಕಡೆ ಹೋಗಿದ್ದೋರ್ನ ಹುಳಿನ ಮನೆ ಹತ್ರಕ್ಕೂ ಸೇರುಸ್ತಿರ್ಲಿಲ್ಲ, ಹೆತ್ತ ಮಗನಾದ್ರೂ ಸೈ."

"ಅತ್ತೆ, ನೀವು ಕೋಳಿ..."

"ತಿನ್ನು ಅಂದ್ಯಾ? ನೀರು ಕೊಡೋದು ತಾನೆ? ಮೊದ್ಲು ಮೈ ತೊಳ್ಕೊ ಹೋಗು. ಆ ಸೀರೆ ಕುದಿಯೋ ನೀರ್ಗೆ ಹಾಕು."

ಅವರು ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿ, ಅದನ್ನು ತುಳಿದುಕೊಂಡೇ ಒಳಗೆ ಹೋದರು. ಹದಿನೈದು ದಿನ, ದಿನಕ್ಕೆ ಮೂರು ಸಲ. ಹೊರಬಂದಾಗಲೆಲ್ಲ ಸ್ನಾನ, ಸೊಸೆ ಹಂಡೆಯಲ್ಲಿ ನೀರು ಕಾಯಿಸಿಡುತ್ತಿದ್ದಳು. ಅಂಗಳದಿಂದಲೇ ಕೂಗುವಳು:

"ಯಾವ್ದಾದ್ರೂ ತೂಕಡಿಸ್ತಾ ಐತಾ ಅತ್ತೆ? ಹಿಕ್ಕೆ ಹಸಿರಾಗೈತಾ?"

"ಎಲ್ಲಾ ನಿನ್ನಂಗೇ ಅವೆ. ಒಂದೂ ಬಾಯಿ ಮುಚ್ಚಾಕಿಲ್ಲ."

ಯಾಸ್ಮಿನ್‌ಳ ಶೆಡ್ಡಿನಲ್ಲಿ ಅರ್ಧಕ್ಕರ್ಧ ಸತ್ತವು. ಇಲ್ಲಿ ಒಂದೂ ಕತ್ತು ತಿರುಚಲಿಲ್ಲ. ಇನ್ನು ಒಳಗೆ ಹೋಗಬಹುದೆಂದು ಡಾಕ್ಟರು ಹೇಳಿದ ದಿನ ಹೇಮಶ್ರೀ ಮೊದಲು ಯಾಸ್ಮಿನ್‌ಗೇ ಫೋನು ಮಾಡಿದಳು. "ಉಳ್ಕೊಂಡ್ವು ಕಣೆ, ನಿನ್ನಿಂದ," ಎಂದಳು.

"ಒಂದ್ ಕಡೆಯಾದ್ರೂ ಉಳೀಲಿ ಬುಡಿ ಅಕ್ಕಾ," ಎಂದಳು ಯಾಸ್ಮಿನ್.

ಫೋನಿಟ್ಟು ಅತ್ತೆಯ ಬಳಿ ಬಂದಳು. ಕಾಲಿಗೆ ಬಗ್ಗಿದಳು. ಅವರು ಮುಜುಗರದಿಂದ ಹಿಂದೆ ಸರಿದರು.

"ಏಳು, ಏಳು. ಎಡಗಡೆ ಒಂದು ಪೀಚು ಮರಿ ಐತೆ, ದೊಡ್ಡವು ತಿನ್ನಾಕೆ ಬುಡಾಕಿಲ್ಲ. ಅದುಕ್ಕೆ ಅಂಗೈಲಿ ಇಟ್ಟೇ ತಿನ್ನುಸ್ಬೇಕು. ಮರೀಬ್ಯಾಡ."