ನೂರಕ್ಕೆ ಸೊನ್ನೆ

ಚಿಮುಟದಲ್ಲಿ ಚಿಪ್ ಎತ್ತಿಡುವುದು ನಿವೇದಿತಾಗೆ ದಿನನಿತ್ಯದ ಕೆಲಸ. ಆದರೂ ಆ ಬೆಳಿಗ್ಗೆ, ಅಡಿಲೇಡಿನ ಮಾಸನ್ ಲೇಕ್ಸ್‌ನ ಪ್ರಯೋಗಾಲಯದಲ್ಲಿ, ಕಿರುಬೆರಳ ಉಗುರಿನಷ್ಟಿದ್ದ ಚಿಪ್ ಒಂದನ್ನು ಯಂತ್ರದ ಕೆಳಗಿಡುವ ಮೊದಲು ಎರಡು ಸಲ ಎತ್ತಿ, ಎರಡು ಸಲವೂ ಅದರ ಡಬ್ಬಿಗೇ ಮರಳಿಸಿದಳು. ಹಿಂಜರಿಯದೆ ಇನ್ನೇನು? ಆ ಚಿಪ್ ಹನ್ನೆರಡು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಇವತ್ತು ಬಿಡಬೇಕಿತ್ತು, ಅದೂ ಒಂದೇ ಒಂದು ಸಲ.

ಅದರಲ್ಲಿ ನೂರು ಮೆಮೊರಿ ಕೋಶಗಳಿದ್ದವು. ಹತ್ತು ಸಾಲು, ಸಾಲಿಗೆ ಹತ್ತು. ಚಿಪ್ ತಯಾರಿಸಿದ ಶ್ರೀಪತಿಯವರು ಚೌಕಾಬಾರ ಆಡುತ್ತ ಬೆಳೆದವರು, ಅವನ್ನು 'ಮನೆ' ಎನ್ನುತ್ತಿದ್ದರು. ಪ್ರತಿ ಮನೆಗೂ ಬಾಗಿಲಾಗಿ ಒಂದು ಟ್ರಾನ್ಸಿಸ್ಟರ್, ಒಳಗೆ ಒಂದು ತೆಳುಪದರ. ಎಷ್ಟು ತೆಳುವೆಂದರೆ, ತಲೆಗೂದಲೊಂದನ್ನು ಎಂಟು ಸಾವಿರ ಎಳೆಯಾಗಿ ಸೀಳಿದರೆ ಒಂದು ಎಳೆಯಷ್ಟು. ವೋಲ್ಟೇಜ್ ಕೊಟ್ಟು ತಳ್ಳಿದರೆ ಆ ಪದರದೊಳಗಿನ ಪರಮಾಣುಗಳು ಕೂದಲೆಳೆ ಎಂದೂ ಹೇಳಲಾಗದಷ್ಟು ಮೇಲಕ್ಕೆ ಸರಿಯುತ್ತವೆ, ಇಲ್ಲವೇ ಕೆಳಕ್ಕೆ. ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಕರೆಂಟ್ ತೆಗೆದ ಮೇಲೂ ಅವು ಹಾಗೇ ನಿಲ್ಲಬೇಕು. ಎಷ್ಟು ವರ್ಷ ನಿಲ್ಲುತ್ತವೆ ಎಂಬುದೇ ಪ್ರಶ್ನೆ. ಓದುವುದೆಂದರೆ ಮತ್ತೆ ತಳ್ಳಿ ನೋಡುವುದು. ತಳ್ಳಿದೊಡನೆ ಹಳೆಯದು ಅಳಿಸಿಹೋಗುತ್ತದೆ. ಮೊಟ್ಟೆ ಒಡೆದು ನೋಡಿದ ಹಾಗೆ, ಎರಡನೆಯ ಅವಕಾಶವಿಲ್ಲ.

ಮಧ್ಯಾಹ್ನ ಮೂರಕ್ಕೆ ಅನುದಾನ ಕೊಡುವ ಸಮಿತಿಯ ಸಭೆಯಿತ್ತು. "ಓವನ್ನಿನಲ್ಲಿ ಕಾಯಿಸಿ, ಹತ್ತು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕುತ್ತೀರಿ. ಬಾಳಿದ್ದನ್ನು ತೋರಿಸಿ" ಎಂದು ಅವರು ಕಡ್ಡಿ ತುಂಡುಮಾಡಿದಂತೆ ಹೇಳಿದ್ದರು. ತೋರಿಸಿದರೆ ಈ ಮೆಮೊರಿಯ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಅವತ್ತಿಗೇ ಮಂಗಳ. ಬಾಳಿದ್ದನ್ನು ತೋರಿಸಲು ಲೋಕದಲ್ಲಿ ಅವಳ ಹತ್ತಿರ ಇದ್ದದ್ದು ಈ ಒಂದೇ ಚಿಪ್.

ಪರ್ತ್‌ನಲ್ಲಿ ಅವಳು ಪಿಎಚ್‌.ಡಿ. ಮಾಡುವಾಗ ಶ್ರೀಪತಿಯವರು ಅವಳ ಗುರುಗಳು. ಆ ಪದರದ ಹುಚ್ಚು ಮೊದಲು ಹಿಡಿದದ್ದು ಅವರಿಗೆ. ಉಳಿದವರಿಗೆ ಅದು ತಮಾಷೆಯ ವಸ್ತು; ಸಮ್ಮೇಳನಗಳಲ್ಲಿ ಅವರು ಎದ್ದು ನಿಂತರೆ ಜನ ಕಾಫಿಗೆ ಏಳುತ್ತಿದ್ದರು. ಕೊನೆಗೆ ಅನುದಾನ ನಿಂತಿತು. ಐವತ್ತರ ಹತ್ತಿರದ ಮನುಷ್ಯ ಗಣಿ ಕಂಪನಿಯೊಂದರ ವಿದ್ಯುತ್ ವಿಭಾಗಕ್ಕೆ ಸೇರಿದರು. ಎರಡು ವಾರ ಮರುಭೂಮಿ, ಒಂದು ವಾರ ಮನೆ. ಪ್ರಯೋಗಾಲಯ ಬಿಟ್ಟ ದಿನ ಈ ಚಿಪ್ಪಿನ ನೂರು ಮನೆಗಳನ್ನೂ ತುಂಬಿ, ಒಂದು ಟಿಪ್ಪಣಿ ಪುಸ್ತಕದ ಜೊತೆ ಅವಳ ಮೇಜಿನ ಮೇಲಿಟ್ಟು, ಹೇಳದೆ ಹೋಗಿಬಿಟ್ಟಿದ್ದರು. ಆಮೇಲೆ ದೀಪಾವಳಿಗೆ ಫೋನ್ ಮಾಡಿದರೆ ಮಳೆ ಬೆಳೆ ಮಾತಾಡುತ್ತಿದ್ದರೇ ಹೊರತು ಚಿಪ್ಪಿನ ಮಾತೆತ್ತಿದವರಲ್ಲ.

ಅವಳು ಮಾತ್ರ ಅದನ್ನು ಕೈಬಿಡಲಿಲ್ಲ. ಬ್ರಿಸ್ಬೇನಿನಲ್ಲಿ ಏಳು ವರ್ಷ, ಟೂವಾಂಗ್‌ನ ಬಾಡಿಗೆ ಮನೆಯ ಕಪಾಟಿನಲ್ಲಿ, ತೇವ ಹೀರುವ ಪುಡಿಯ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿ ಅದು ಮಲಗಿತ್ತು. ಗಂಡ ಪ್ರವೀಣ ಒಮ್ಮೆ ಲವಂಗದ ಡಬ್ಬಿಯೆಂದು ತೆರೆಯಹೋಗಿ ಜನ್ಮಕ್ಕಾಗುವಷ್ಟು ಬೈಸಿಕೊಂಡಿದ್ದ. ಅಷ್ಟರಲ್ಲಿ ಲೋಕದ ಟ್ರಾನ್ಸಿಸ್ಟರುಗಳು ಕುಗ್ಗಿ ಕುಗ್ಗಿ, ಉಗುರಿನಷ್ಟು ಜಾಗದಲ್ಲಿ ಸಾವಿರ ಕೋಟಿಗೂ ಮಿಕ್ಕಿ ಕೂತವು. ಅವಳೂ ಅಂಥವನ್ನೇ ಕಟ್ಟಿದಳು, ಹೆಸರು ಮಾಡಿದಳು, ಅಡಿಲೇಡಿಗೆ ಬಂದಳು. ಅಷ್ಟು ಮಾಡಿದರೂ ರಾತ್ರಿ ಲೆಕ್ಕ ಹಾಕುವಾಗ, ಹಗಲು ಪಾಠ ಮಾಡುವಾಗ, ಮನಸ್ಸು ಹೋಗಿ ನಿಲ್ಲುತ್ತಿದ್ದದ್ದು ಆ ಡಬ್ಬಿಯ ಮುಂದೆಯೇ.

"ಹೊಸ ಚಿಪ್ ಹಾಕಿ ಮೂರು ಸಲ ಚೆಕ್ ಮಾಡಿದೀನಿ ಮೇಡಂ. ವೈರಿಂಗ್ ಸರಿಯಾಗಿದೆ, ಒಂದು ಒಂದಾಗೇ ಬರ್ತಿದೆ, ಸೊನ್ನೆ ಸೊನ್ನೆ" ಎಂದ ಭರತೇಶ್. ಅಳತೆಯ ಯಂತ್ರಗಳೆಲ್ಲ ಅವನ ಸುಪರ್ದಿ. ಮೂಡಬಿದಿರೆಯವನು, ಅನುಮಾನ ಅವನ ಕಸುಬು.

ಟಿಪ್ಪಣಿ ಪುಸ್ತಕದಲ್ಲಿ ಶ್ರೀಪತಿಯವರು ಬರೆದಿದ್ದದ್ದು ಎರಡೇ ಸಾಲು: 'ಯಮಾತಾರಾಜಭಾನಸಲಗಂ. ಸಾಲು ಸಾಲಿಗೂ ಒಂದಕ್ಷರ ಸರಿಸಿ.' ಹೈಸ್ಕೂಲಿನಲ್ಲಿ ಗಣ ಹಾಕಲು ಬಾಯಿಪಾಠ ಮಾಡಿಸುವ ಅದೇ ಸೂತ್ರ! ಐದು ಲಘು, ಐದು ಗುರು. ಮೂರಕ್ಷರದ ಎಂಟೂ ಗಣಗಳು ಒಂದರ ಬೆನ್ನಿಗೊಂದು ಅದರಲ್ಲಿವೆ. ಮೆಮೊರಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸರಮಾಲೆ ಯಾವ ಎಂಜಿನಿಯರಿಗೂ ಹೊಳೆಯಲಾರದು ಎಂದು ನಿವೇದಿತಾಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಲಘುವಿಗೆ ಸೊನ್ನೆ, ಗುರುವಿಗೆ ಒಂದು ಎಂದಿಟ್ಟು ನೂರು ಉತ್ತರಗಳ ಪಟ್ಟಿಯನ್ನು ಅವಳು ಎಂದೋ ಸಿದ್ಧಮಾಡಿದ್ದಳು.

ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಪರದೆಯ ಮೇಲೆ ಬಂತು: ಪಟ್ಟಿಗೆ ಹೊಂದಿದ್ದು, ನೂರಕ್ಕೆ ಸೊನ್ನೆ.

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಹನ್ನೆರಡು ವರ್ಷ ಕಾಪಾಡಿ, ಕೊನೆಗೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಸಮಿತಿಯ ಮಾತು ಹಾಗಿರಲಿ, ಶ್ರೀಪತಿ ಸರ್‌ಗೆ ಏನೆಂದು ಹೇಳುವುದು? ಕಣ್ಣಲ್ಲಿ ನೀರು ತುಂಬಿ ಪರದೆ ಮಸುಕಾಯಿತು.

ಭರತೇಶ್ ಮಾತ್ರ ಕದಲದೆ ಪರದೆಯನ್ನೇ ನೋಡುತ್ತಿದ್ದ. "ಮೇಡಂ, ಸೊನ್ನೆ ಹೇಗೆ ಬರತ್ತೆ?"

"ಎಲ್ಲಾ ಮರೆತುಹೋದ್ರೆ ಬರತ್ತೆ."

"ಮರೆತವನು ಹೌದು-ಅಲ್ಲ ಪರೀಕ್ಷೇಲಿ ಕಣ್ಮುಚ್ಚಿ ಗೀಚಿದ್ರೂ ಅರ್ಧ ಸರಿ ಬರತ್ತಲ್ವಾ?"

ನಿವೇದಿತಾ ತಟ್ಟನೆ ಎದ್ದಳು. ಹೌದಲ್ಲ! ಮರೆತಿದ್ದರೆ ಐವತ್ತರ ಆಸುಪಾಸು ಬರಬೇಕಿತ್ತು. ನೂರಕ್ಕೆ ನೂರೂ ತಪ್ಪು ಹೇಳಬೇಕಾದರೆ ನೂರಕ್ಕೆ ನೂರೂ ಸರಿಯುತ್ತರ ಗೊತ್ತಿರಬೇಕು. ಅವಳು ಒಂದೊಂದೇ ಸಾಲು ಓದಿದಳು. ಒಂದಿರಬೇಕಾದಲ್ಲೆಲ್ಲ ಸೊನ್ನೆ, ಸೊನ್ನೆಯಿರಬೇಕಾದಲ್ಲೆಲ್ಲ ಒಂದು; ಸಾಲಿಗೊಂದಕ್ಷರ ಸರಿಯುತ್ತ, ಹತ್ತೂ ಸಾಲು, ಎಲ್ಲೂ ಎಡವಿಲ್ಲ. ಯಾವ ಆಸರೆಯೂ ಇಲ್ಲದೆ, ಒಂದು ಹನಿ ಕರೆಂಟಿಲ್ಲದೆ, ಕಣ್ಣಿಗೇ ಕಾಣದ ಆ ಪರಮಾಣುಗಳು ಪರ್ತ್‌ನಲ್ಲಿ ನಿಲ್ಲಿಸಿದ ಕಡೆಯೇ ಹನ್ನೆರಡು ವರ್ಷ ನಿಂತಿದ್ದವು. ಅವಳಿಗೆ ಕೈ ಮುಗಿಯಬೇಕೆನಿಸಿತು. ಮುಗಿದೂ ಬಿಟ್ಟಳು.

"ಸರ್ ಲಘುಗೇ ಒಂದು ಅಂತ ಇಟ್ಟಿದಾರೆ!"

"ಇರ್ಬಹುದು. ಆದ್ರೆ ರಿಸಲ್ಟ್ ಬಂದ್ಮೇಲೆ ನಾವೇ ಹಾಗಂದ್ರೆ, ಕುಣಿಯಲಾರದವಳು ನೆಲ ಡೊಂಕು ಅಂದ್ಳು ಅಂತಾರೆ. ಸರ್ ಅವರೇ ಹೇಳ್ಬೇಕು. ಇಲ್ಲಿ ಏನ್ ಬಂತು ಅಂತ ನೀವು ಬಾಯಿಬಿಟ್ರೆ ಸಾಕ್ಷಿ ಕೆಟ್ಹೋಯ್ತು" ಎಂದ ಭರತೇಶ್.

ಪರ್ತ್‌ನ ಹ್ಯಾರಿಸ್‌ಡೇಲ್‌ಗೆ ಫೋನ್ ಹೋಯಿತು. ಎತ್ತಿದ್ದು ಶ್ರೀಪತಿಯವರ ಹೆಂಡತಿ ಭಾನುಮತಿ. "ಅವ್ರು ಈ ವಾರ ಮನೇಲೇ ಇದಾರಮ್ಮ. ಕರಿಬೇವಿಗೆ ನೀರು ಹಾಕ್ತಿದಾರೆ, ಕೊಡ್ತೀನಿ ತಾಳು."

"ಸರ್, ಒಂದೇ ಪ್ರಶ್ನೆ. ಯಾಕೆ ಅಂತ ಕೇಳ್ಬೇಡಿ" ಎಂದಳು ನಿವೇದಿತಾ. ಅವರು ಮರೆತಿದ್ದರೆ? 'ಲಘುಗೆ ಸೊನ್ನೆ' ಎಂದುಬಿಟ್ಟರೆ? "ಆ ಚಿಪ್ ಬರೆದ್ರಲ್ಲ, ಲಘುಗೆ ಏನಿಟ್ರಿ, ಗುರುಗೆ ಏನಿಟ್ರಿ?"

ಅವರು ಯೋಚಿಸಲೂ ಇಲ್ಲ. "ಲಘುಗೆ ಒಂದು ಮಾತ್ರೆ, ಅದಕ್ಕೆ ಒಂದು. ಗುರುಗೆ ಎರಡು ಮಾತ್ರೆ. ಎರಡನ್ನ ಬೈನರೀಲಿ ಬರೆದ್ರೆ ಒಂದು, ಸೊನ್ನೆ. ಕೊನೇ ಅಂಕಿ ಸೊನ್ನೆ, ಅದನ್ನಿಟ್ಟೆ. ಇದನ್ನೂ ಬಿಡಿಸಿ ಬರೀಬೇಕಿತ್ತಾ? ನಿಂಗೆ ಕನ್ನಡ ಪಾಠ ಮಾಡಿದ್ದು ಯಾರಮ್ಮ?"

ಸ್ಪೀಕರಿನಲ್ಲಿ ಕೇಳುತ್ತಿದ್ದ ಭರತೇಶ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಕ್ಕ. ನಿವೇದಿತಾ ಅವರು ಹೇಳಿದ್ದನ್ನು ಪಟ್ಟಿಯ ಬದಿಯಲ್ಲಿ ಬರೆದುಕೊಳ್ಳತೊಡಗಿದಳು.

ಆ ಮೌನವನ್ನು ಶ್ರೀಪತಿಯವರು ಬೇರೆಯದೇ ಅರ್ಥದಲ್ಲಿ ತೆಗೆದುಕೊಂಡರು. ದನಿ ತಗ್ಗಿತು. "ಓದಿದ್ಯಾ? ಹೋಯ್ತಾ? ಹೋದ್ರೆ ಹೋಗ್ಲಿ ಬಿಡು. ನೀನು ಬೇಜಾರ್ ಮಾಡ್ಕೋಬೇಡ."

"ಇಲ್ಲ ಸರ್. ನೂರಕ್ಕೆ ನೂರು."

ಆ ಕಡೆ ನೀರಿನ ಪೈಪ್ ಕೆಳಗೆ ಬಿದ್ದ ಸದ್ದಾಯಿತು.

"ಒಂದು ಮನೇನೂ ಹೋಗಿಲ್ವಾ?"

"ಒಂದೂ ಇಲ್ಲ ಸರ್."

"ನಾನು ಅದನ್ನ ಮರೆಯಕ್ಕೆ ಹನ್ನೆರಡು ವರ್ಷದಿಂದ ಒದ್ದಾಡ್ತಿದೀನಿ ಕಣಮ್ಮ. ಆ ಲ್ಯಾಬಿನ ರಸ್ತೇಲಿ ಕಾರೂ ಓಡ್ಸಲ್ಲ. ಅದು ನೋಡಿದ್ರೆ..."

"ಯಾಕ್ರೀ, ಏನಾಯ್ತು? ಯಾಕೆ ಅಳ್ತಿದೀರಾ?" ಎಂದು ಭಾನುಮತಿ ಗಾಬರಿಯಿಂದ ಕೇಳಿದ್ದು ಅಡಿಲೇಡಿಗೂ ಕೇಳಿಸಿತು.

"ನಮ್ಮ ಚಿಪ್ ಕಣೇ" ಎಂದರು ಶ್ರೀಪತಿ. "ಎಲ್ಲಾ ನೆನಪಿಟ್ಕೊಂಡಿದೆ."